ರೋಗ ಮುಗಿದ ಬಗ್ಗೆ ಸರ್ಟಿಫಿಕೇಟು

ಅರವತ್ತರ ದಶಕದ ಮೊದಲಲ್ಲಿ, ತೋವಿನಕೆರೆಯ ಆಚೆಯ ಒಂದು ಹಳ್ಳಿಯ ಡಿಸ್ಪೆನ್ಸರಿಯಲ್ಲಿ ನಾನು ಹಂಗಾಮಿ ಡಾಕ್ಟರಾಗಿದ್ದೆ. ಕಾಯಂ ಡಾಕ್ಟರು ಬರುವವರೆಗೆ ಎಂದು ಆರು ತಿಂಗಳ ಕರಾರು. ಆ ಪುಣ್ಯಾತ್ಮರು ಹುಟ್ಟಿಯೇ ಇರಲಿಲ್ಲವೋ ಏನೋ, ಕರಾರು ಎರಡು ಸಲ ಮುಂದಕ್ಕೆ ಹೋಗಿತ್ತು. ಬೆಳಿಗ್ಗೆ ಎಂಟಕ್ಕೆ ಹಾಜರಿ ಪುಸ್ತಕದಲ್ಲಿ ರುಜು ಹಾಕಬೇಕು. ಹತ್ತು ನಿಮಿಷ ತಡವಾದರೆ ಮೆಮೊ. ಊರು ಬಿಟ್ಟು ಕದಲಬೇಕಾದರೆ ಅಪ್ಪಣೆ. ಹೀಗಾಗಿ ನಾನು ನೌಕರನೆಂದೇ ನಂಬಿದ್ದೆ.

ಹೆಂಡತಿ ಚೊಚ್ಚಲ ಹೆರಿಗೆಗೆ ಪಾವಗಡದ ತವರಿಗೆ ಹೋಗಿದ್ದಳು. ಕಾಲು, ಮುಖ ಊದಿವೆ, ಹೆದರಿಕೆಯಾಗುತ್ತದೆ, ಬನ್ನಿ ಎಂದು ಕಾಗದ ಬರೆದಳು. ಆ ಊತ ಹೆರಿಗೆಯಲ್ಲಿ ಇಬ್ಬರ ಜೀವಕ್ಕೂ ಅಪಾಯವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ರಜೆ ಕೇಳಲು ತಾಲ್ಲೂಕು ಬೋರ್ಡಿನ ಕಚೇರಿಗೆ ಓಡಿದೆ.

ಗುಮಾಸ್ತರು ಕಡತ ತಿರುವಿ ಕನ್ನಡಕದ ಮೇಲಿಂದ ನೋಡಿದರು. "ರಜಾ ಅನ್ನೋದು ನೌಕರರಿಗೆ ಸ್ವಾಮಿ. ತಾವು ಕಂಟ್ರಾಕ್ಟ್ರು."

"ಹಾಗಾದರೆ ಕೇಳುವುದೇ ಬೇಡವಲ್ಲ. ಹೊರಟೆ."

"ಅದೆಂಗೆ ಹೊರಡ್ತೀರಿ? ಕಂಟ್ರಾಕ್ಟ್ರಾದೋರು ಕೆಲ್ಸ ಮುಗ್ಸಿ ಸರ್ಟಿಫಿಕೇಟು ತರ್ಬೇಕು. ಅರ್ಧಕ್ಕೆ ಬುಟ್ಟೋದ್ರೆ ಇನ್ನೆಲ್ಲೂ ಕೆಲ್ಸ ಸಿಗಾಕಿಲ್ಲ."

ನನ್ನ ಕೆಲಸವೇನೆಂದು ಕರಾರಿನಲ್ಲಿ ಒಂದೇ ಸಾಲಿತ್ತು: ಸದರಿ ಗ್ರಾಮದ ರೋಗಗಳನ್ನು ವಾಸಿ ಮಾಡತಕ್ಕದ್ದು. ಅಂದರೆ ಊರಿನಲ್ಲಿ ಒಂದು ರೋಗವೂ ಉಳಿದಿಲ್ಲವೆಂದು ತೋರಿಸಬೇಕು. ಯಾರಿಗೆ? ಸೇತುವೆ, ಕೆರೆ ಕೋಡಿ ನೋಡುವ ಓವರ್‌ಸಿಯರಿಗೆ. ಕಂಟ್ರಾಕ್ಟು ಕೆಲಸವನ್ನೆಲ್ಲ ಪಾಸು ಮಾಡುವವರು ಅವರೇ ಅಂತೆ. ಸಿಟ್ಟು ತಡೆಯಲಾರದೆ ಮೇಜು ಗುದ್ದಿದೆ. ಗುಮಾಸ್ತರು ಶಾಯಿ ಬುಡ್ಡಿ ಹಿಡಿದುಕೊಂಡರು, ಅಷ್ಟೇ.

ಹಳ್ಳಿಗೆ ಬಂದು ಪಟೇಲರ ಮುಂದೆ ಗೋಳು ಹೇಳಿಕೊಂಡೆ. ಅವರು ನಗಲಿಲ್ಲ. "ಒಂದಿನದ ಮಾತು ತಾನೆ? ಯಾರ್ಗೂ ಕಾಯ್ಲೆ ಇಲ್ಲ ಅಂದ್ಬುಡ್ತೀವಿ. ಹೆರ್ಗೆ ಆಗ್ಲಿ, ಹೊಸಾ ಕರಾರು ಬರ್ಸ್ಕಂಡು ಬನ್ನಿ, ಮತ್ತೆ ಕಾಯ್ಲೆ ಬೀಳ್ತೀವಿ" ಎಂದು ಊರಿಗೆಲ್ಲ ಹೇಳಿ ಕಳಿಸಿದರು.

ಮರುದಿನ ಓವರ್‌ಸಿಯರು ಟೇಪು ಹಿಡಿದು ಬಂದರು. ಚಳಿಜ್ವರದವನು ಬಿಸಿಲಲ್ಲಿ ನಿಂತು ಮೀಸೆ ತಿರುವಿದ. ಕಾಲು ಮುರಿದವನನ್ನು ಎತ್ತಿನ ಗಾಡಿಯಲ್ಲಿ ಯಜಮಾನನ ಹಾಗೆ ಕೂರಿಸಿದ್ದರು. ದಮ್ಮಿನ ಅಜ್ಜಿಯೊಬ್ಬಳು ಕೆಮ್ಮು ತಡೆಯಲು ಸೆರಗನ್ನು ಬಾಯಿಗೆ ತುರುಕಿಕೊಂಡು ಕಣ್ಣೀರು ಸುರಿಸುತ್ತಿದ್ದಳು.

"ಈಯಮ್ಮನಿಗೆ ಏನಾಗಿದೆ?" ಎಂದರು ಓವರ್‌ಸಿಯರು.

"ಡಾಕ್ಟ್ರು ಹೋಯ್ತಾರಲ್ಲ, ಅದ್ಕೇ ಅಳ್ತಾವ್ಳೆ ಸ್ವಾಮಿ" ಎಂದರು ಪಟೇಲರು.

ಓವರ್‌ಸಿಯರು ಬಂದದ್ದಕ್ಕೆ ಡಿಸ್ಪೆನ್ಸರಿಯ ಗೋಡೆಯನ್ನೊಮ್ಮೆ ಅಳೆದು, ಕೆಲಸ ತೃಪ್ತಿಕರವಾಗಿ ಮುಗಿದಿದೆ ಎಂದು ಬರೆದರು. ಕೆಳಗೆ ನಾನೂ ರುಜು ಹಾಕಿದೆ.

ಮಧುಗಿರಿಯಲ್ಲಿ ಬಸ್ಸು ಬದಲಿಸಿ ಪಾವಗಡ ಸೇರಿದೆ. ಹೆರಿಗೆಯ ಹೊತ್ತಿಗೆ ಹೆಂಡತಿಗೆ ಫಿಟ್ಸ್ ಬಂತು. ಕೈಯಲ್ಲಿದ್ದ ವಿದ್ಯೆಯನ್ನೆಲ್ಲ ಬಳಸಿದೆ. ಮಗ ಹುಟ್ಟಿದ, ಅವಳೂ ಉಳಿದಳು. ಒಂದು ದಿನ ತಡವಾಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ.

ಹತ್ತು ದಿನ ಬಿಟ್ಟು ಹಳ್ಳಿಗೆ ಬಂದರೆ ಡಿಸ್ಪೆನ್ಸರಿಗೆ ಬೀಗ. ಬಾಗಿಲಿಗೆ ಕಚೇರಿಯ ಕಾಗದ ಅಂಟಿಸಿದ್ದರು: ಗ್ರಾಮದಲ್ಲಿ ರೋಗಗಳು ಮುಗಿದಿರುವುದರಿಂದ ಡಿಸ್ಪೆನ್ಸರಿ ಅನವಶ್ಯಕ. ಆಧಾರ, ವೈದ್ಯರ ರುಜು. ನಾಚಿಕೆಯಿಂದ ಕುಗ್ಗಿಹೋದೆ. ಔಷಧಿಯೆಲ್ಲ ಬೀಗದ ಒಳಗಿತ್ತು. ಜಗಲಿಯ ಮೇಲೆ ಆ ಅಜ್ಜಿ ಎದೆ ಹಿಡಿದುಕೊಂಡು ಕೆಮ್ಮುತ್ತಿದ್ದಳು. ತಪ್ಪಾಯಿತಮ್ಮ ಎಂದು ಕೈಮುಗಿದೆ.

ಉಸಿರು ಸಿಕ್ಕ ಮೇಲೆ ಅವಳು ಕೇಳಿದಳು: "ಅದಿರ್ಲಿ ಬುಡಪ್ಪ. ತಾಯಿ ಮಗು ಸಂದಾಕವ್ರಾ?"