ಸುಳ್ಳು ಹೇಳಿದ ಮುಳ್ಳು

ಮೊನ್ನೆ ನನ್ನ ಸೊಸೆ ತವರಿನಿಂದ ಒಂದು ಬಿಪಿ ಯಂತ್ರ ತಂದಳು, ಅವಳಪ್ಪ ಬಳಸಿ ಮೂಲೆಗೆ ಹಾಕಿದ್ದು. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಗುರ್ರೆಂದು ಊದಿಕೊಂಡು ಕೊನೆಗೆ ಅಂಕಿ ತೋರಿಸುತ್ತದೆ. ನನ್ನ ಅಂಕಿ ನೋಡಿ ಅವಳ ಮುಖ ಬಿಳುಚಿಕೊಂಡಿತು.

"ಅತ್ತೆ, ಅಲ್ಲಾಡ್ಬೇಡಿ, ಮನಿಕೊಳ್ಳಿ. ಆಟೋ ಕರೀತೀನಿ."

"ಮನಿಕೊಳ್ಳಕ್ಕೆ ನಂಗೇನಾಗದೆ? ಮೊದ್ಲು ಅದರ ಹಿಂದಿನ ಮುಚ್ಚಳ ತಗಿ."

ತೆಗೆದಳು. ಸೆಲ್ಲು ಕೂರುವ ಕಡೆಯೆಲ್ಲ ಬಿಳಿ ಬೂಷ್ಟು. ಆ ಬೂಷ್ಟು ನನ್ನ ಹಳೆಯ ಪರಿಚಯ. ಹೇಗೆಂದು ಹೇಳುತ್ತೇನೆ, ಕೂತುಕೊಳ್ಳಿ.

ಹನ್ನೆರಡು ವರ್ಷದ ಹಿಂದೆ ಟಿ. ನರಸೀಪುರದಲ್ಲಿ, ಕಪಿಲೆ ಕಾವೇರಿಯನ್ನು ಸೇರುವ ಕಡೆ, ನಮ್ಮದೊಂದು ಮೋಟಾರು ದೋಣಿಯಿತ್ತು. ಜನರನ್ನು ಈ ದಡದಿಂದ ಆ ದಡಕ್ಕೆ ದಾಟಿಸುವುದು ನಮ್ಮ ಯಜಮಾನರ ಕೆಲಸ. ಪಕ್ಕದಲ್ಲೇ ರಾಚಪ್ಪನ ಹುಟ್ಟು ಹಾಕುವ ದೋಣಿ. ಇಬ್ಬರೂ ಪೈಪೋಟಿಯವರು, ಆದರೆ ಎಲೆಅಡಿಕೆ ಚೀಲ ಮಾತ್ರ ಒಂದೇ. ಅದಿಲ್ಲದೆ ಇವರಿಗೂ ಅವನಿಗೂ ಬೆಳಗಾಗುತ್ತಿರಲಿಲ್ಲ.

ಎಂಜಿನ್ನಿನ ಮುಂದೆ ಮೂರು ಗಡಿಯಾರದಂಥವು ಇದ್ದವು: ಒಂದು ಬಿಸಿ ತೋರಿಸಲು, ಒಂದು ಆಯಿಲಿಗೆ, ಒಂದು ಬ್ಯಾಟರಿಗೆ ಚಾರ್ಜು ಹೋಗುತ್ತಿದೆಯೇ ಎಂದು ನೋಡಲು. ನಾನು ಓದಿದ್ದು ಎರಡನೇ ಕ್ಲಾಸು. ಅದರಿಂದ ಲೋಕಕ್ಕೇನೂ ನಷ್ಟವಾಗಿಲ್ಲ. ಮುಳ್ಳು ಕೆಂಪಿಗೆ ಹೋದರೆ ಕೆಟ್ಟದ್ದು ಎಂದು ತಿಳಿಯಲು ಅಷ್ಟೂ ಬೇಡ. ಆ ವರ್ಷ ಬಿಸಿಯ ಮುಳ್ಳು ಕೆಂಪಿನಲ್ಲೇ ಮನೆ ಮಾಡಿತು. ಚಾರ್ಜಿನ ಮುಳ್ಳು ಕೆಳಗೆ ಬಿದ್ದುಕೊಂಡಿತು. ಬೆಳಿಗ್ಗೆ ಎದ್ದರೆ ಬ್ಯಾಟರಿ ಸತ್ತಿರುತ್ತಿತ್ತು.

ದೋಣಿ ತಪಾಸಣೆಗೆ ಬಂದ ಸಾಹೇಬರು ಮುಳ್ಳುಗಳನ್ನು ನೋಡಿ, "ಸೋಮವಾರ ಮತ್ತೆ ಬರ್ತೀನಿ. ಇವು ನೆಟ್ಟಗಾಗಿಲ್ಲದಿದ್ರೆ ದೋಣಿ ದಡದಲ್ಲೇ ಇರುತ್ತೆ" ಎಂದು ಹೋದರು. ದೋಣಿ ನಿಂತರೆ ನಮ್ಮ ಒಲೆಯೂ ನಿಂತಂತೆ.

ಯಜಮಾನರು ನಂಜನಗೂಡಿನಿಂದ ಟ್ರಾಕ್ಟರು ವೈರಿಂಗು ಮಾಡುವ ಸಿದ್ದ ಮೇಸ್ತ್ರಿಯನ್ನು ಕರೆಸಿದರು. ಅವನು ಬೆಲ್ಟು ಬದಲಾಯಿಸಿದ. ಡೈನಮೋ ಬಿಚ್ಚಿ ನಂಜನಗೂಡಿಗೆ ಹೊತ್ತೊಯ್ದು, ಚೆನ್ನಾಗಿಯೇ ಇದೆ ಎಂದು ವಾಪಸು ತಂದ. ಹೊಸ ಗಡಿಯಾರವನ್ನೇ ಹಾಕಿದ. ಅದರ ಮುಳ್ಳೂ ನೇರ ಕೆಂಪಿಗೆ ಹೋಯಿತು.

ಭಾನುವಾರ ಸಂಜೆ ನಾನು ಬುತ್ತಿ ಕೊಡಲು ಹೋದಾಗ ಯಜಮಾನರೂ ಮೇಸ್ತ್ರಿಯೂ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ನಾನು ನಾಲ್ಕು ಹನಿ ನೀರು ಓಡುತ್ತಿದ್ದ ಎಂಜಿನ್ನಿನ ಮೇಲೆ ಚಿಮುಕಿಸಿದೆ. ದೋಸೆ ಹಂಚು ಕಾದಿದೆಯೇ ಎಂದು ನೋಡುವುದು ಹಾಗೇ ತಾನೆ? ಚುಂಯ್ ಎನ್ನಲಿಲ್ಲ.

"ಇದೆಲ್ಲಿ ಕಾದದೆ? ನಿಮ್ಮ ಮುಳ್ಳು ಸುಳ್ಳು ಯೋಳ್ತದೆ" ಎಂದೆ.

"ಎಂಜಿನ್ ಅತ್ರ ನೀರು ತರಬ್ಯಾಡ ಅಂತ ಎಷ್ಟು ಸಲ ಯೋಳಿವ್ನಿ ನಿಂಗೆ!" ಎಂದರು ಯಜಮಾನರು.

ಕತ್ತಲಾಗುತ್ತಿತ್ತು, ಮೇಸ್ತ್ರಿ ದೋಣಿಯ ದೀಪ ಹಾಕಿದ. ಬಿಸಿಯ ಮುಳ್ಳು ಇನ್ನೂ ಒಂದು ಗೆರೆ ಮೇಲೇರಿತು.

"ಅಲ್ಲ ಕಣ್ಲಾ ಸಿದ್ದ, ದೀಪ ಅಚ್ಚಿದ್ರೆ ಸಾರು ಕುದೀತದಾ?" ಎಂದೆ.

ಮೇಸ್ತ್ರಿ ಹಣೆ ಚಚ್ಚಿಕೊಂಡ. "ಅಕ್ಕೋ! ಅರ್ತಿಂಗು ಕಣಕ್ಕ, ಅರ್ತಿಂಗು! ಕರೆಂಟು ವಾಪಸ್ ಓಗೋ ದಾರೀನೇ ಕಟ್ಟೋಗದೆ." ಒಂದು ತಂತಿಯ ತುದಿಯನ್ನು ಬ್ಯಾಟರಿಗೂ ಇನ್ನೊಂದನ್ನು ಎಂಜಿನ್ನಿಗೂ ಮುಟ್ಟಿಸಿದ. ಮುಳ್ಳುಗಳು ಶಾಲೆಯ ಮಕ್ಕಳಂತೆ ಸಾಲಾಗಿ ನಿಂತವು. ಸರಿ, ಬ್ಯಾಟರಿಯ ಕಪ್ಪು ತಂತಿ ಎಲ್ಲಿ ಕಚ್ಚಿಕೊಂಡಿದೆ ಎಂದು ಟಾರ್ಚು ಹಿಡಿದು ಎಂಜಿನ್ನಿನ ಹಿಂದಕ್ಕೆ ಬಗ್ಗಿದ.

ಆ ಜಾಗ ನನಗೆ ಚೆನ್ನಾಗಿ ಗೊತ್ತಿತ್ತು. ಆ ತಂತಿಯನ್ನು ಕಚ್ಚಿ ಹಿಡಿದದ್ದು ಒಂದು ಗುಂಡು ತಲೆಯ ಬೋಲ್ಟು, ಅದರ ಬುಡದಲ್ಲಿ ಅಗಲವಾದ ಬಿಲ್ಲೆ. ಥೇಟ್ ಪೀಠದ ಮೇಲೆ ಲಿಂಗ ಕೂತ ಹಾಗೆ. ನಾನು ನಂಜನಗೂಡಿನಲ್ಲಿ ಹುಟ್ಟಿದವಳು, ಸೋಮವಾರ ಬಂದರೆ ನನ್ನ ಕೈ ಸುಮ್ಮನಿರುವುದಿಲ್ಲ. ಮೇಲಾಗಿ ಈಜು ಬಾರದವಳು, ನೀರಿನ ಮೇಲೆ ತೇಲುವ ಕಬ್ಬಿಣವನ್ನು ದೇವರ ಕಾವಲಿಲ್ಲದೆ ನಂಬುವವಳಲ್ಲ. ಯಜಮಾನರು ಟೀ ಕುಡಿಯಲು ಹೋದಾಗ, ಎರಡು ವರ್ಷ, ವಾರ ತಪ್ಪದೆ ಆ ಬೋಲ್ಟಿಗೆ ಕಪಿಲೆಯ ನೀರಿನ ಅಭಿಷೇಕ, ವಿಭೂತಿ, ಕುಂಕುಮ, ಒಂದು ತುಂಬೆ ಹೂವು.

ಮೇಸ್ತ್ರಿ ಹಸಿರು ಬಿಳಿ ಬೂಷ್ಟು ಹಿಡಿದ ಬೋಲ್ಟನ್ನು ಬಿಚ್ಚಿ ಎತ್ತಿ ತೋರಿಸಿದ. ಯಜಮಾನರು ಕುಂಕುಮ ನೋಡಿದರು, ಒಣಗಿದ ಹೂವು ನೋಡಿದರು.

"ಮಾಟ! ಆ ರಾಚನ ಕೆಲ್ಸ ಇದು. ನನ್ನ ಎಲೆಅಡಿಕೆ ತಿಂದು ನಂಗೇ ಮಾಟ ಮಾಡ್ಸವ್ನೆ!"

ಹುಟ್ಟಿದಾಗಿನಿಂದ ನನ್ನ ಬಾಯಿ ಸುಮ್ಮನಿದ್ದದ್ದು ಅದೊಂದೇ ಸಲ. ಬೋಲ್ಟನ್ನು ಇಸಿದುಕೊಂಡು ಹುಣಸೆಹಣ್ಣಿನಲ್ಲಿ ಉಜ್ಜಿ, ಒರೆಸಿ ಕೊಟ್ಟೆ. ಸೋಮವಾರ ಸಾಹೇಬರು ನೋಡಿ ಒಪ್ಪಿ ಹೋದರು. ಅಂದಿನಿಂದ ವಿಭೂತಿಯನ್ನು ಯಜಮಾನರ ಹಣೆಗೇ ಹಚ್ಚುತ್ತಿದ್ದೇನೆ. ಅದರೊಳಗೆ ಯಾವ ತಂತಿಯೂ ಇಲ್ಲ.

ಆದರೆ ರಾಚಪ್ಪನ ಜೊತೆ ಮಾತು ನಿಂತೇಹೋಯಿತು. ಅವನ ಮಗಳ ಮದುವೆಗೂ ನಾವು ಹೋಗಲಿಲ್ಲ. ಹನ್ನೆರಡು ವರ್ಷ!

ಮೊನ್ನೆ ಬಿಪಿ ಯಂತ್ರವನ್ನು ಹುಣಸೆಹಣ್ಣಿನಲ್ಲಿ ಉಜ್ಜುತ್ತಿದ್ದೆ. ಯಜಮಾನರು ಬಗ್ಗಿ ನೋಡಿ, "ಆ ರಾಚ ಮಾಟ ಮಾಡ್ಸಿದ್ ಬೋಲ್ಟ್ ತರಾನೇ ಅದೆ" ಎಂದು ಬೈಗುಳ ಶುರು ಮಾಡಿದರು. ಸಾಕಾಯಿತು. ಹೇಳಿಬಿಟ್ಟೆ.

ಅವರು ನನ್ನ ಕೈಯಿಂದ ಯಂತ್ರ ತೆಗೆದು ಪಕ್ಕಕ್ಕಿಟ್ಟರು. ಆಮೇಲೆ, "ಇಷ್ಟು ವರ್ಸ ಅವ್ನ ಬೈದೆ, ಒಂದ್ಸಲನಾದ್ರೂ ಬಾಯ್ಬುಟ್ಟಾ?" ಎಂದರು.

"ಬೈಯುವಾಗ ನೀವು ಬಲು ಲವಲವಿಕೆಯಾಗಿರ್ತಿದ್ರಿ. ಯಾಕೆ ಕೆಡಿಸೋದು ಅಂತ."

"ನಡಿ. ನೀನೇ ಅವನಿಗೆ ಯೋಳು."

ಹೋದೆವು. ರಾಚಪ್ಪ ಜಗುಲಿಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡ, ನಗಲಿಲ್ಲ. "ಅಯ್ಯೋ ಕಣಕ್ಕ, ನಂಗೆ ಮಾಟ ಬತ್ತದೆ ಅಂತ ಅರ್ಧ ಊರು ಎದ್ರಿಕೊಂಡದೆ. ನನ್ನ ತೆಂಗಿನಮರ ಒಬ್ರೂ ಮುಟ್ಟಲ್ಲ. ಇದ ಬೇರೆ ಯಾರ್ಗೂ ಯೋಳ್ಬ್ಯಾಡ" ಎಂದ. ಎಲೆಅಡಿಕೆ ಚೀಲವನ್ನು ಯಜಮಾನರ ಕಡೆ ತಳ್ಳಿದ. ಇವರು ಮುಖ ಎತ್ತದೆಯೇ ಕೈ ಹಾಕಿದರು.

ನಾನು ಯಾರಿಗೂ ಹೇಳಿಲ್ಲ. ನಿಮಗೆ ಬರೆದಿದ್ದೇನೆ, ಅಷ್ಟೇ.

ಮನೆಗೆ ಬಂದಾಗ ಸೊಸೆ ಮತ್ತೆ ಪಟ್ಟಿ ಸುತ್ತಿದಳು. ಅಂಕಿ ಸರಿಯಾಗಿಯೇ ಬಂತು. "ಮನಸ್ಸು ಅಗುರಾಯ್ತಲ್ಲ ಅತ್ತೆ, ಅದ್ಕೆ" ಎಂದಳು. ಮನಸ್ಸೂ ಇಲ್ಲ ಮಣ್ಣೂ ಇಲ್ಲ, ಹುಣಸೆಹಣ್ಣು ಎಂದೆ.

ಅವಳು ಒಳಗೆ ಹೋದ ಮೇಲೆ ಇನ್ನೊಂದು ತೋಳಿಗೂ ಸುತ್ತಿ ನೋಡಿಕೊಂಡೆ.