ಕರೆಯದೆ ಜೊತೆಗೆ ಬಂದವರು

“ಜೋರು ಮಾತಾಡಿ ಮಾರಾಯ್ರೆ! ಹೀಗೆ ಸುಮ್ಮನೆ ಹೋಗುದಲ್ಲ, ಆನೆ ಉಂಟು” ಎಂದು ಹಿಂದಿನಿಂದ ಯಾರೋ ಕೂಗಿದಾಗ ನಾನೂ ತಂಗಿಯೂ ಬೆಚ್ಚಿಬಿದ್ದೆವು. ಮಳೆಗಾಲ ಮುಗಿದ ಮೇಲೆ ಗುತ್ತಿಗಾರು ಕಡೆಯ ಗುಡ್ಡವೊಂದನ್ನು ಹತ್ತುತ್ತಿದ್ದೆವು. ಕೂಗಿದವರು ಅರವತ್ತು ದಾಟಿದ, ಕೈಯಲ್ಲಿ ಕತ್ತಿ ಹಿಡಿದ ಒಬ್ಬ ಕೃಷಿಕರು. ಕರೆಯದಿದ್ದರೂ ನಮ್ಮ ಜೊತೆಗೇ ಹೊರಟರು. ಅಳಿಯನ ಜೀಪು, ತಮ್ಮ ಮೊಣಕಾಲು ನೋವು ಎಂದು ದಾರಿಯುದ್ದಕ್ಕೂ ಗಂಟಲು ಹರಿಯುವಂತೆ ಮಾತಾಡಿದರು. ಹಕ್ಕಿಗಳ ದನಿ ಕೇಳಲೆಂದು ಬಂದಿದ್ದ ನನಗೆ ಸಿಟ್ಟೇ ಬಂತು.

ಮೇಲೆ, ಮಸಾಲೆಗೆ ಬಳಸುವ ರಾಂಪತ್ರೆಯ ಹಳೆಯ ಮರಗಳ ಗುಂಪು ಸಿಕ್ಕಿತು. ಒಂದು ಮರದ ಬುಡದಲ್ಲಿ ಕೂರಲು ಹೋದ ನಮ್ಮನ್ನು ತಡೆದ ಅವರು, ಚಪ್ಪಲಿ ಕಳಚಿ ಆ ಬುಡಕ್ಕೆ ಕೈ ಮುಗಿದರು.

“ನನ್ನ ಹೆಂಡತಿಯನ್ನು ಆನೆ ಕೊಂದದ್ದು ಇಲ್ಲೇ. ರಾಂಪತ್ರೆ ಹೆಕ್ಲಿಕ್ಕೆ ಬಂದಿದ್ಲು. ಭಾರೀ ಮೆಲ್ಲ ಮಾತಾಡುವವಳು. ಇಲ್ಲಿ ಜನ ಉಂಟು ಅಂತ ಆನೆಗೆ ಗೊತ್ತೇ ಆಗ್ಲಿಲ್ಲ” ಎಂದರು.

ಇಳಿಯುವಾಗ ಜೋರಾಗಿ ಮಾತಾಡಬೇಕೆಂದು ಗೊತ್ತಿದ್ದರೂ ನಮ್ಮಿಬ್ಬರಿಗೂ ದನಿ ಹೊರಡಲಿಲ್ಲ. ಅವರೊಬ್ಬರೇ ಕೂಗಿ ಕೂಗಿ ನಮ್ಮನ್ನು ರಸ್ತೆ ಮುಟ್ಟಿಸಿದರು. ಅವರ ಮೇಲೆ ಸಿಟ್ಟು ಮಾಡಿಕೊಂಡದ್ದನ್ನು ಹೇಳಿ ಕ್ಷಮೆ ಕೇಳಲು ನನ್ನಿಂದ ಆಗಲಿಲ್ಲ.