ಕುಣಿಗಲ್ ಲ್ಯಾಬಿನ ಒಂದೇ ಫೋನು

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ತುಮಕೂರಿನ ರಕ್ತಪರೀಕ್ಷೆಯ ಲ್ಯಾಬೊಂದರ ಕುಣಿಗಲ್ ಶಾಖೆಯಲ್ಲಿ ನಾನು ಕೆಲಸಕ್ಕಿದ್ದೆ. ರಿಪೋರ್ಟುಗಳೆಲ್ಲ ತುಮಕೂರಿನ ಕಂಪ್ಯೂಟರಿನಲ್ಲಿರುತ್ತಿದ್ದವು. ಇದ್ದ ಒಂದೇ ಫೋನ್ ಲೈನಿಗೆ ಮೋಡೆಮ್ ಸಿಕ್ಕಿಸಿ, ಪಾಸ್‌ವರ್ಡ್ ಹೊಡೆದು ಇಲ್ಲಿಂದಲೇ ಅದರೊಳಗೆ ಹೋಗುತ್ತಿದ್ದೆವು. ಆ ಪಾಸ್‌ವರ್ಡ್ ಹೊರಗಿನವರಿಗೂ ಗೊತ್ತಾಗಿದೆ ಎಂದು ತಿಳಿದು ತುಮಕೂರಿನಲ್ಲಿದ್ದ ನಮ್ಮ ಡಾಕ್ಟರು ರೇಗಿದರು. ಅದನ್ನು ತೆಗೆದು ಕೀ ಹಾಕು ಎಂದರು. ಕೀ ಎಂದರೆ ಜೋಡಿ ಫೈಲು. ಒಂದು ನಮ್ಮ ಕಂಪ್ಯೂಟರಿನಲ್ಲಿ ಗುಟ್ಟಾಗಿರಬೇಕು, ಇನ್ನೊಂದು ತುಮಕೂರಿನದರಲ್ಲಿ. ಎರಡೂ ಹೊಂದಿದರೆ ಮಾತ್ರ ಒಳಗೆ ಬಿಡುತ್ತದೆ.

ಒಂದು ಮಧ್ಯಾಹ್ನ ತುಮಕೂರಿನ ಕಂಪ್ಯೂಟರಿಗೆ ಕೀ ಕಳಿಸಿದೆ. ಅದು ಕೆಲಸ ಮಾಡುತ್ತದೆಯೇ ಎಂದು ನೋಡುವ ಮೊದಲೇ ಅವಸರದಲ್ಲಿ ಪಾಸ್‌ವರ್ಡ್ ಬಂದ್ ಮಾಡಿಬಿಟ್ಟೆ. ಇನ್ನೊಂದು ವಿಂಡೋ ತೆರೆದು ನೋಡಿದರೆ ಒಳಗೆ ಬಿಡಲಿಲ್ಲ. ಮತ್ತೆ ನೋಡಿದೆ, ಅದೇ. ಮೊದಲಿನ ವಿಂಡೋ ಮಾತ್ರ ಇನ್ನೂ ಒಳಗಿತ್ತು. ಅಲ್ಲಿಂದ ಪಾಸ್‌ವರ್ಡನ್ನು ಮತ್ತೆ ತೆರೆಯಬಹುದಿತ್ತು, ಡಾಕ್ಟರು ರೇಗುತ್ತಾರೆಂದು ಧೈರ್ಯ ಬರಲಿಲ್ಲ. ಲೈನ್ ಕಡಿದರೆ ಅದೂ ಹೋಗುತ್ತಿತ್ತು.

ಆಗಲೇ ಒಬ್ಬ ಹಿರಿಯರು ಏದುಸಿರು ಬಿಡುತ್ತ ಬಂದರು.

"ಒಂದ್ ಫೋನ್ ಮಾಡ್ಕತೀನಿ ಕಣವ್ವ. ಮಗಳಿಗೆ ಇಲ್ಲೇ ಆಸ್ಪತ್ರೇಲಿ ಆಪ್ರೇಷನ್ನು. ನನ್ ಮಗನ್ ರಕ್ತ ಆಗ್ತದಂತೆ, ಅವ್ನು ಗುಬ್ಬಿಲವ್ನೆ. ಎದ್ರುಗಿನ್ ಬೂತು ಬಾಗ್ಲು ಹಾಕವ್ರೆ."

"ಐದೇ ನಿಮಿಷ ಕೂತ್ಕೊಳಿ ಯಜಮಾನ್ರೇ. ಈಗ ಲೈನ್ ತೆಗೆದ್ರೆ ನನ್ ಕೆಲ್ಸ ಎಲ್ಲಾ ಕೆಟ್ಟೋಗುತ್ತೆ."

ಅವರು ಬೆಂಚಿನ ತುದಿಯಲ್ಲಿ ಕೂತರು. ನಾನು ಫೈಲುಗಳನ್ನು ಒಂದೊಂದಾಗಿ ತೆರೆದು ನೋಡಿದೆ. ತಪ್ಪು ಸಿಗಲಿಲ್ಲ. ಐದು ನಿಮಿಷ ಕಳೆದು ಹತ್ತಾಯಿತು.

"ಈಗಿನ್ ಬಸ್ ತಪ್ಪುದ್ರೆ ಅವ್ನು ಬರಾದು ಕತ್ಲೆ ಆಗೋಯ್ತದೆ ಕಣವ್ವ," ಎಂದರು, ಮೆಲ್ಲಗೆ.

ನಾನೇ ಎದ್ದು ಮೋಡೆಮ್ಮಿನ ವೈರು ಕಿತ್ತು, ರಿಸೀವರನ್ನು ಅವರ ಕೈಗೆ ಕೊಟ್ಟೆ.

ಇನ್ನು ಇಲ್ಲಿಂದ ಒಳಹೋಗುವ ದಾರಿಯಿರಲಿಲ್ಲ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿಗೆ ಲ್ಯಾಬು ಒಪ್ಪಿಸಿ ತುಮಕೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಡಾಕ್ಟರಿಗೆ ಏನು ಹೇಳುವುದೆಂದೇ ಯೋಚನೆ. ಅವರು ಎಲ್ಲ ಕೇಳಿಸಿಕೊಂಡು, "ಹೊಸದು ಸರಿಹೋಗೋವರ್ಗೂ ಹಳೇದನ್ನ ಯಾರಾದ್ರೂ ತೆಗೀತಾರೇನಮ್ಮ?" ಎಂದಷ್ಟೇ ಹೇಳಿ ಕಂಪ್ಯೂಟರ್ ಬಿಟ್ಟುಕೊಟ್ಟರು. ಕೀ ಇಟ್ಟಿದ್ದ ಫೋಲ್ಡರಿನಲ್ಲಿ ಯಾರು ಬೇಕಾದರೂ ಬರೆಯುವಂತಿತ್ತು. ಅದಕ್ಕೇ ಕಂಪ್ಯೂಟರು ಕೀಯನ್ನು ನಂಬಿರಲಿಲ್ಲ. ಒಂದೇ ಸಾಲು ಹೊಡೆದು ಸರಿಮಾಡಿ ಕುಣಿಗಲ್‌ಗೆ ಫೋನ್ ಮಾಡಿದೆ.

"ಆ ಯಜಮಾನ್ರ ಮಗ ಗುಬ್ಬಿಯಿಂದ ಬಂದ್ರಂತೆ ಕಣಕ್ಕ, ರಕ್ತ ತಗೋತಾವ್ರಂತೆ," ಎಂದಳು ಹುಡುಗಿ, ನಾನು ಕೇಳುವ ಮೊದಲೇ.

"ಸರಿ, ಫೋನ್ ಇಟ್ಟು ಕನೆಕ್ಟ್ ಮಾಡು," ಎಂದೆ.

ಪರದೆ ನೋಡುತ್ತ ಕೂತೆ. ತುಸು ಹೊತ್ತಿಗೆ, ಕುಣಿಗಲ್‌ನಿಂದ ಒಬ್ಬರು ಒಳಬಂದರೆಂದು ಒಂದು ಸಾಲು ಮೂಡಿತು.